‘ಎಕ್ಸ್‌ಪೀಡ್’ ಅಂದರೆ ಏನು? ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ಪ್ರಶ್ನೆ: ನಾನು ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ ಒಬ್ಬ ಸ್ಕಾಟ್ಲೆಂಡ್ ಅಧಿಕಾರಿಯ ಉಯಿಲಿನ ಎಡಿನ್‌ಬರೋ ಕಾಗದಗಳನ್ನು ಓದುವಾಗ ‘ಟು ಎಕ್ಸ್‌ಪೀಡ್ ಕನ್ಫರ್ಮೇಷನ್’ ಎಂಬ ಮಾತು ಸಿಕ್ಕಿತು. ಇನ್ನೊಂದು ಕಡೆ ‘ವಾಸ್ ಎಕ್ಸ್‌ಪೀಡ್’ ಅಂತ ಇದೆ. ನನ್ನ ಹತ್ತಿರ ಇರುವ ಡಿಕ್ಷನರಿಯಲ್ಲಿ ಈ ಪದವೇ ಇಲ್ಲ. ದೊಡ್ಡ ಡಿಕ್ಷನರಿಯೊಂದರಲ್ಲಿ ‘ಬಳಕೆ ತಪ್ಪಿದ ಕ್ರಿಯಾಪದ, ಲ್ಯಾಟಿನ್ ಮೂಲ’ ಎಂದು ಕಂಡಿತು. ಇದು ‘ಎಕ್ಸ್‌ಪಿಡೈಟ್’ ಪದದ ತಪ್ಪು ಕಾಗುಣಿತವೇ? ‘ಸ್ಪೀಡ್’ಗೂ ಇದಕ್ಕೂ ನಂಟಿದೆಯೇ? ಪ್ರಬಂಧದಲ್ಲಿ ತಿದ್ದಿ ಬರೆಯಬಹುದೇ?

ಉತ್ತರ: ತಿದ್ದಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ. ಹಳೆಯ ಕಾಗದಗಳನ್ನು ನಕಲು ಮಾಡುವಾಗ ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದಕ್ಕೆ ಬದಲಾಯಿಸಿಬಿಡುವುದು ಬಹಳ ಸುಲಭ. ಒಮ್ಮೆ ಬದಲಾಯಿಸಿದರೆ ಮುಂದೆ ಓದುವವರಿಗೆ ಮೂಲದಲ್ಲಿ ಏನಿತ್ತು ಎಂದು ತಿಳಿಯುವುದೇ ಇಲ್ಲ. ನಿಮ್ಮ ಕಾಗದದಲ್ಲಿರುವ ‘ಎಕ್ಸ್‌ಪೀಡ್’ ಸರಿಯಾದ ಪದ. ಅದನ್ನು ಬರೆದ ಗುಮಾಸ್ತನಿಗೆ ಅದರ ಅರ್ಥ ಚೆನ್ನಾಗಿ ಗೊತ್ತಿತ್ತು.

ಅರ್ಥ ಇಷ್ಟು: ಒಂದು ಕೆಲಸವನ್ನು, ಅದರಲ್ಲೂ ಒಂದು ಅಧಿಕೃತ ಪತ್ರವನ್ನು, ಎಲ್ಲ ಹಂತ ದಾಟಿಸಿ, ಸಹಿ ಮೊಹರು ಹಾಕಿಸಿ, ಮುಗಿಸಿ ಕೈಗೆ ಬರುವಂತೆ ಮಾಡುವುದು. ಸ್ಕಾಟ್ಲೆಂಡಿನಲ್ಲಿ ‘ಕನ್ಫರ್ಮೇಷನ್’ ಅಂದರೆ ಇಂಗ್ಲೆಂಡಿನವರು ಮತ್ತು ನಾವು ‘ಪ್ರೊಬೇಟ್’ ಅನ್ನುವುದಕ್ಕೆ ಹೆಚ್ಚು ಕಡಿಮೆ ಸಮ. ಸತ್ತವರ ಆಸ್ತಿಯನ್ನು ವಸೂಲು ಮಾಡಿ ಹಂಚಲು ಕೋರ್ಟು ಕೊಡುವ ಅಧಿಕಾರ ಅದು. ಹಾಗಾಗಿ ‘ಟು ಎಕ್ಸ್‌ಪೀಡ್ ಕನ್ಫರ್ಮೇಷನ್’ ಅಂದರೆ ಆ ಅಧಿಕಾರ ಪತ್ರವನ್ನು ಕೋರ್ಟಿನಿಂದ ಮಾಡಿಸಿಕೊಳ್ಳುವುದು. ‘ಬೇಗ ಮಾಡಿಸುವುದು’ ಅಲ್ಲ, ‘ಮಾಡಿಸಿ ಮುಗಿಸುವುದು’. ಇದನ್ನು ‘ಎಕ್ಸ್‌ಪಿಡೈಟ್’ ಎಂದು ತಿದ್ದಿದ್ದರೆ ಅರ್ಥವೇ ಕೆಟ್ಟುಹೋಗುತ್ತಿತ್ತು. ಉಯಿಲಿನ ಕೆಲಸ ನಿಧಾನವಾಗಿತ್ತು, ಯಾರೋ ಒತ್ತಡ ಹಾಕಿ ಬೇಗ ಮಾಡಿಸಿದರು ಎಂದು ಓದುಗರು ತಿಳಿಯುತ್ತಿದ್ದರು. ಇತಿಹಾಸ ಬರೆಯುವವರಿಗೆ ಅದು ಸಣ್ಣ ವ್ಯತ್ಯಾಸ ಅಲ್ಲ.

ಈಗ ಮೂಲಕ್ಕೆ ಬರೋಣ. ಲ್ಯಾಟಿನ್‌ನಲ್ಲಿ ಕಾಲಿಗೆ, ಪಾದಕ್ಕೆ ‘ಪೇಸ್’ ಎನ್ನುತ್ತಾರೆ. ‘ಪಾದದ’ ಎನ್ನುವಾಗ ಅದು ‘ಪೆದಿಸ್’ ಆಗುತ್ತದೆ. ಅಂದರೆ ಪದದ ನಿಜವಾದ ಬೇರು ‘ಪೆದ್’. ಇದರ ಮುಂದೆ ‘ಇನ್’ ಸೇರಿಸಿದರೆ ‘ಇಂಪೆದೀರೆ’, ಅಂದರೆ ಕಾಲನ್ನು ಏನರಲ್ಲೋ ಸಿಕ್ಕಿಸುವುದು. ‘ಎಕ್ಸ್’ ಸೇರಿಸಿದರೆ ‘ಎಕ್ಸ್‌ಪೆದೀರೆ’, ಸಿಕ್ಕಿಕೊಂಡ ಕಾಲನ್ನು ಹೊರಗೆ ಬಿಡಿಸುವುದು. ಮೇಯುವ ದನ ದೂರ ಹೋಗದಿರಲಿ ಎಂದು ಮುಂಗಾಲಿಗೆ ಹಗ್ಗ ಕಟ್ಟುತ್ತಾರಲ್ಲ, ಆ ಹಗ್ಗ ಕಟ್ಟುವುದು ಮೊದಲನೆಯದು, ಬಿಚ್ಚುವುದು ಎರಡನೆಯದು.

ಕನ್ನಡದವರಿಗೆ ಈ ಎರಡು ಪದಗಳನ್ನು ಅರ್ಥ ಮಾಡಿಸುವುದು ಕಷ್ಟವೇ ಅಲ್ಲ. ಒಬ್ಬರ ಕೆಲಸ ಕೆಡಿಸಿದರೆ ‘ಅಡ್ಡಗಾಲು ಹಾಕಿದ’ ಅನ್ನುತ್ತೇವೆ. ಜಾಗ ಖಾಲಿ ಮಾಡಿ ಹೊರಟರೆ ‘ಕಾಲ್ಕಿತ್ತ’ ಅನ್ನುತ್ತೇವೆ. ತಡೆಗೂ ಬಿಡುಗಡೆಗೂ ಎರಡೂ ಕಡೆ ಕಾಲೇ ಬೇಕಾಯಿತು. ರೋಮಿನವರು ನಮ್ಮಿಂದ ಕಲಿತದ್ದಲ್ಲ, ನಾವು ಅವರಿಂದ ಕಲಿತದ್ದೂ ಅಲ್ಲ. ನಡೆಯುವ ಪ್ರಾಣಿಗೆ ತಡೆ ಅಂದರೆ ಮೊದಲು ನೆನಪಾಗುವುದು ಕಾಲು, ಅಷ್ಟೇ.

ಈ ಎರಡು ಪದಗಳನ್ನು ರೋಮಿನವರು ಹೇಗೆ ಬಳಸುತ್ತಿದ್ದರು ಎಂದು ನೋಡಬೇಕಾದರೆ ಸೈನ್ಯದ ಕಡೆಗೆ ಹೋಗಬೇಕು. ಸೈನ್ಯದ ಸಾಮಾನು ಸರಂಜಾಮಿಗೆ, ಅಂದರೆ ಗಾಡಿ, ಹೇಸರಗತ್ತೆ, ಡೇರೆ, ಧಾನ್ಯ ಎಲ್ಲಕ್ಕೂ ಸೇರಿ ಅವರು ಇಟ್ಟ ಹೆಸರು ‘ಇಂಪೆದಿಮೆಂತ’. ಕಾಲಿಗೆ ತೊಡಕಾಗುವ ವಸ್ತುಗಳು ಎಂದೇ ಅರ್ಥ. ಸಾಮಾನನ್ನೆಲ್ಲ ಬಿಟ್ಟು, ಆಯುಧ ಮಾತ್ರ ಹಿಡಿದು, ಯಾವ ಕ್ಷಣದಲ್ಲಾದರೂ ಕಾದಾಡಲು ಸಿದ್ಧವಾಗಿ ನಡೆಯುವ ದಳಕ್ಕೆ ‘ಎಕ್ಸ್‌ಪೆದೀತ’ ಎಂಬ ವಿಶೇಷಣ. ಕಾಲು ಬಿಡಿಸಿಕೊಂಡ ದಳ.

ಜೂಲಿಯಸ್ ಸೀಸರ್ ಗಾಲ್ ದೇಶದ ಯುದ್ಧಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇವೆರಡೂ ಒಟ್ಟೊಟ್ಟಿಗೆ ಬರುವ ಒಂದು ಸನ್ನಿವೇಶ ಇದೆ. ಕ್ರಿ.ಪೂ. 57ರ ಮಾತು. ಸಾಬಿಸ್ ಎಂಬ ನದಿಯ ಹತ್ತಿರ, ಈಗಿನ ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಕಡೆ, ನೆರ್ವೀ ಎಂಬ ಬುಡಕಟ್ಟಿನವರು ಕಾಡಿನಲ್ಲಿ ಅಡಗಿ ಕೂತಿದ್ದರು. ರೋಮಿನ ಸೈನ್ಯದ ಜೊತೆಯಲ್ಲೇ ಇದ್ದ ಕೆಲವರು ರಾತ್ರಿ ಹೋಗಿ ಅವರಿಗೆ ಗುಟ್ಟು ಹೇಳಿದರು: ಒಂದೊಂದು ಲೀಜನ್ (ಕೆಲವು ಸಾವಿರ ಸೈನಿಕರ ದಳ) ಆದಮೇಲೂ ಬೇಕಾದಷ್ಟು ಇಂಪೆದಿಮೆಂತ ಬರುತ್ತದೆ, ಮೊದಲ ಲೀಜನ್ ಬಂದ ಕೂಡಲೇ ಮೇಲೆ ಬೀಳಿ, ಉಳಿದವರು ಸಹಾಯಕ್ಕೆ ಬರಲು ಆಗುವುದಿಲ್ಲ. ಸಾಮಾನ್ಯ ದಿನಗಳಲ್ಲಿ ಅದು ನಿಜವೇ ಆಗಿತ್ತು. ಆದರೆ ಶತ್ರು ಹತ್ತಿರವಿದ್ದಾಗ ಸೀಸರ್‌ನ ಪದ್ಧತಿ ಬೇರೆ. ಅವನು ಆರು ಲೀಜನ್‌ಗಳನ್ನು ‘ಎಕ್ಸ್‌ಪೆದೀತಾಸ್’ ಆಗಿ, ಹೊರೆ ಇಲ್ಲದೆ, ಮುಂದೆ ನಡೆಸಿದ. ಅವುಗಳ ಹಿಂದೆ ಇಡೀ ಸೈನ್ಯದ ಇಂಪೆದಿಮೆಂತ. ಅದರ ಹಿಂದೆ ಕಾವಲಿಗೆ ಹೊಸದಾಗಿ ಸೇರಿಸಿದ್ದ ಎರಡು ಲೀಜನ್. ಸಾಮಾನಿನ ಸಾಲು ಕಣ್ಣಿಗೆ ಬಿದ್ದ ಕ್ಷಣವೇ ದಾಳಿ ಎಂದು ನೆರ್ವೀ ಜನ ಮೊದಲೇ ಮಾತಾಡಿಕೊಂಡಿದ್ದರು. ಗಾಡಿ ಕಂಡಿತು, ನುಗ್ಗಿದರು. ಆದರೆ ಗಾಡಿಗಿಂತ ಮುಂದೆ ಅವರಿಗೆ ಸಿಕ್ಕಿದ್ದು ಒಂದು ಲೀಜನ್ ಅಲ್ಲ, ಆರು. ಅಷ್ಟಾದರೂ ರೋಮಿನವರು ಸೋಲಿನ ಅಂಚಿಗೆ ಹೋಗಿ ಗೆದ್ದರು.

ಅದಕ್ಕೂ ಒಂದು ವರ್ಷ ಮೊದಲು, ಈಗ ಫ್ರಾನ್ಸಿನಲ್ಲಿರುವ ಸೋನ್ ನದಿಯ ದಡದಲ್ಲಿ ನಡೆದದ್ದು ಇದರ ತಿರುಗುಮುರುಗು. ಹೆಲ್ವೇಶಿಯನ್ನರು ಎಂಬ ಬುಡಕಟ್ಟಿನಲ್ಲಿ ಮುಕ್ಕಾಲು ಪಾಲು ಜನ ನದಿ ದಾಟಿಯಾಗಿತ್ತು, ಕಾಲು ಪಾಲು ಇನ್ನೂ ಈಚೆ ದಡದಲ್ಲಿತ್ತು. ಸೀಸರ್ ಮೂರು ಲೀಜನ್ ತಂದು ಅವರ ಮೇಲೆ ಬಿದ್ದ. ಆ ಜನರನ್ನು ಅವನು ಕರೆದದ್ದು ‘ಇಂಪೆದೀತೋಸ್’ ಎಂದು, ಸಾಮಾನಿನ ನಡುವೆ ಸಿಕ್ಕಿಕೊಂಡವರು.

ಈ ಯುದ್ಧದ ಕಥೆ ಯಾಕೆ ಇಷ್ಟು ಹೇಳಿದೆ ಅಂದರೆ, ಪದದ ಅರ್ಥ ಹೇಗೆ ಹರಡಿತು ಎಂಬುದು ಇಲ್ಲಿಂದಲೇ ಕಾಣುತ್ತದೆ. ಕಾಲು ಬಿಡಿಸಿಕೊಂಡವನು ಹೊರಡಲು ಸಿದ್ಧ. ಹೀಗೆ ‘ಸಿದ್ಧಪಡಿಸು’ ಎಂಬ ಅರ್ಥ ಬಂತು. ಸಿದ್ಧವಾದದ್ದು ಹೊರಡುತ್ತದೆ. ಹೀಗೆ ‘ಕಳಿಸು’. ತೊಡಕು ಬಿಡಿಸಿದ ಕೆಲಸ ಮುಗಿಯುತ್ತದೆ. ಹೀಗೆ ‘ಪೂರೈಸು’. ದಂಡು ಹೊರಡುವುದಕ್ಕೆ ‘ಎಕ್ಸ್‌ಪೆದೀತಿಯೋ’ ಎನ್ನುತ್ತಿದ್ದರು. ಅದೇ ಇಂಗ್ಲಿಷಿನ ‘ಎಕ್ಸ್‌ಪಿಡಿಷನ್’. ಹಿಮಾಲಯ ಹತ್ತುವವರ ತಂಡಕ್ಕೂ ಈಗ ಅದೇ ಹೆಸರು, ಅಲ್ವಾ? ಅವರ ಬೆನ್ನ ಮೇಲಿನ ಹೊರೆ ನೋಡಿದರೆ ರೋಮಿನವನು ಒಪ್ಪುತ್ತಿರಲಿಲ್ಲ, ಆದರೆ ಪದಗಳು ಹೀಗೆಯೇ ದೂರ ಹೋಗುತ್ತವೆ.

ಇನ್ನೊಂದು ಕವಲು ಬಹಳ ಸ್ವಾರಸ್ಯದ್ದು. ಲ್ಯಾಟಿನ್‌ನಲ್ಲಿ ಕರ್ತೃ ಇಲ್ಲದೆ ‘ಎಕ್ಸ್‌ಪೆದಿತ್’ ಎಂದರೆ ‘ಅನುಕೂಲವಾಗುತ್ತದೆ’, ‘ಒಳ್ಳೆಯದಾಗುತ್ತದೆ’ ಎಂದು ಅರ್ಥ. ಯೋಹಾನನ ಸುವಾರ್ತೆಯ ಲ್ಯಾಟಿನ್ ಪಾಠದಲ್ಲಿ ಯೇಸು ಶಿಷ್ಯರಿಗೆ ‘ನಾನು ಹೋಗುವುದು ನಿಮಗೆ ಒಳ್ಳೆಯದು’ ಎನ್ನುವಾಗ ಇದೇ ಪದ. ಜನರೆಲ್ಲರಿಗಾಗಿ ಒಬ್ಬ ಮನುಷ್ಯ ಸಾಯುವುದು ನಮಗೆ ಅನುಕೂಲ ಎಂದು ಮಹಾಯಾಜಕ ಕಾಯಫ ಹೇಳುವಾಗಲೂ ಇದೇ ಪದ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಎರಡೂ ಕಡೆ ‘ಎಕ್ಸ್‌ಪೀಡಿಯಂಟ್’ ಎಂದಿದೆ. ಇವತ್ತು ರಾಜಕೀಯದಲ್ಲಿ ಯಾರನ್ನಾದರೂ ‘ಎಕ್ಸ್‌ಪೀಡಿಯಂಟ್’ ಅಂದರೆ ಬೈಗುಳವೇ. ನ್ಯಾಯ ಅನ್ಯಾಯ ನೋಡದೆ ಅನುಕೂಲ ಮಾತ್ರ ನೋಡುವವರು ಎಂದು. ಪದಕ್ಕೆ ಯೇಸುವಿನ ಅರ್ಥ ಉಳಿಯಲಿಲ್ಲ, ಕಾಯಫನ ಅರ್ಥ ಉಳಿಯಿತು.

‘ಇಂಪೆದೀರೆ’ ಕಡೆಯ ಮಕ್ಕಳು ನಿಮಗೆ ಗೊತ್ತಿರುವವರೇ. ‘ಇಂಪೀಡ್’ ಅಂದರೆ ತಡೆ. ‘ಇಂಪೆಡಿಮೆಂಟ್’ ಅಂದರೆ ಅಡ್ಡಿ. 1549ರ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದ ಮದುವೆ ವಿಧಿಯಲ್ಲಿ, ಈ ಮದುವೆಗೆ ಯಾವುದಾದರೂ ಇಂಪೆಡಿಮೆಂಟ್ ಇದ್ದರೆ ಈಗಲೇ ಹೇಳಿ ಎಂದು ಬರುತ್ತದೆ. ಶೇಕ್ಸ್‌ಪಿಯರ್ ತನ್ನ 116ನೆಯ ಸಾನೆಟ್‌ನಲ್ಲಿ ಅದೇ ಪದ ಹಿಡಿದು, ನಿಜವಾದ ಮನಸ್ಸುಗಳ ಮದುವೆಗೆ ನಾನು ಅಡ್ಡಿಗಳನ್ನು ಒಪ್ಪಲಾರೆ ಎಂದ. ಮಾತು ತಡೆದು ತಡೆದು ಬರುವುದಕ್ಕೂ ಅದೇ ಪದ. ಅಂದರೆ ನಾಲಿಗೆಗೂ ಕಾಲಿನ ಹಗ್ಗ ಬಂತು.

ಈ ಕುಟುಂಬದ ಒಂದು ಪದ ನಮ್ಮ ಸಂವಿಧಾನದಲ್ಲೇ ಇದೆ. ಕಾಲಿಗೆ ಹಾಕುವ ಬೇಡಿಗೆ, ಉರುಳಿಗೆ ಲ್ಯಾಟಿನ್‌ನಲ್ಲಿ ‘ಪೆದಿಕ’ ಎನ್ನುತ್ತಾರೆ. ಅದರಿಂದ ‘ಇಂಪೆದಿಕಾರೆ’, ಬೇಡಿ ಹಾಕುವುದು. ಅದು ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ‘ಇಂಪೀಚ್’ ಆಗಿ ಬಂತು. ಮೊದಮೊದಲು ಅದರ ಅರ್ಥ ‘ತಡೆ’ ಎಂದೇ ಇತ್ತು. ಆಪಾದನೆ ಹೊರಿಸುವ ಅರ್ಥ ಆಮೇಲೆ ಬಲವಾಯಿತು. ದಾಳಿ ಮಾಡು, ಆರೋಪಿಸು ಎಂಬ ಅರ್ಥದ ‘ಇಂಪೆತೆರೆ’ ಎಂಬ ಬೇರೆ ಲ್ಯಾಟಿನ್ ಪದದ ಜೊತೆ ಬೆರೆತದ್ದೂ ಅದಕ್ಕೆ ಒಂದು ಕಾರಣ. ಭಾರತದ ಸಂವಿಧಾನದ 61ನೆಯ ವಿಧಿ ರಾಷ್ಟ್ರಪತಿಯ ಇಂಪೀಚ್‌ಮೆಂಟ್ ಬಗ್ಗೆ ಹೇಳುತ್ತದೆ. ನಿಮ್ಮ ‘ಎಕ್ಸ್‌ಪೀಡ್’ಗೆ ಅದು ಹತ್ತಿರದ ನೆಂಟ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ‘ಎಕ್ಸ್‌ಪಿಡೈಟ್’ ಇರುವಾಗ ‘ಎಕ್ಸ್‌ಪೀಡ್’ ಯಾಕೆ?

ಲ್ಯಾಟಿನ್ ಕ್ರಿಯಾಪದಕ್ಕೆ ಎರಡು ಮುಖ್ಯ ರೂಪ ಇರುತ್ತವೆ ಎಂದು ಇಟ್ಟುಕೊಳ್ಳಿ. ಒಂದು ‘ಮಾಡುವ’ ರೂಪ, ಇನ್ನೊಂದು ‘ಮಾಡಿದ’ ರೂಪ. ‘ಎಕ್ಸ್‌ಪೆದೀರೆ’ ಮಾಡುವ ರೂಪ. ‘ಎಕ್ಸ್‌ಪೆದೀತುಸ್’ ಮಾಡಿದ ರೂಪ. ಇಂಗ್ಲಿಷ್ ಬರೆಯುವವರು ಸಾಲ ತರುವಾಗ ಯಾವ ರೂಪದಿಂದ ತರಬೇಕು ಎಂಬ ನಿಯಮ ಇರಲಿಲ್ಲ. ಒಬ್ಬರು ಮೊದಲನೆಯದರಿಂದ ‘ಎಕ್ಸ್‌ಪೀಡ್’ ತಂದರು. ಇನ್ನೊಬ್ಬರು ಎರಡನೆಯದರಿಂದ ‘ಎಕ್ಸ್‌ಪಿಡೈಟ್’ ತಂದರು. ಹೀಗೆ ಒಂದೇ ಲ್ಯಾಟಿನ್ ಪದಕ್ಕೆ ಇಂಗ್ಲಿಷಿನಲ್ಲಿ ಎರಡು ಸಂತಾನ. ಒಂದು ಇನ್ನೊಂದರ ತಪ್ಪು ಕಾಗುಣಿತ ಅಲ್ಲವೇ ಅಲ್ಲ, ಇಬ್ಬರೂ ಅಕ್ಕತಂಗಿಯರು.

ಇಲ್ಲೊಂದು ವಿಷಯ ಗಮನಿಸಿ. ‘ಇಂಪೆದೀರೆ’ಗೂ ಹೀಗೆಯೇ ಎರಡು ಸಂತಾನ ಇದ್ದವು. ‘ಇಂಪೀಡ್’ ಒಂದು, ‘ಇಂಪಿಡೈಟ್’ ಇನ್ನೊಂದು. ಹೌದು, ‘ಇಂಪಿಡೈಟ್’ ಎಂಬ ಕ್ರಿಯಾಪದವೂ ಒಂದು ಕಾಲಕ್ಕೆ ಇತ್ತು. ಇಂಗ್ಲಿಷ್ ಒಂದು ಜೋಡಿಯಿಂದ ಮಾಡುವ ರೂಪವನ್ನು ಇಟ್ಟುಕೊಂಡು ಮಾಡಿದ ರೂಪವನ್ನು ಬಿಟ್ಟಿತು. ಇನ್ನೊಂದು ಜೋಡಿಯಲ್ಲಿ ಅದಕ್ಕೆ ತದ್ವಿರುದ್ಧ. ‘ಇಂಪೀಡ್’ ಉಳಿಯಿತು, ‘ಎಕ್ಸ್‌ಪೀಡ್’ ಹೋಯಿತು. ‘ಎಕ್ಸ್‌ಪಿಡೈಟ್’ ಉಳಿಯಿತು, ‘ಇಂಪಿಡೈಟ್’ ಹೋಯಿತು. ಇದಕ್ಕೆ ವ್ಯಾಕರಣದ ಕಾರಣ ಹುಡುಕಿದರೆ ಸಿಗುವುದಿಲ್ಲ. ಕಿವಿಗೆ ಇಂಪು ಎಂದು ಹೇಳೋಣ ಅಂದರೆ, ‘ಇಂಪೀಡ್’ ಇಂಪಾಗಿದ್ದರೆ ‘ಎಕ್ಸ್‌ಪೀಡ್’ ಯಾಕೆ ಆಗಬಾರದು? ಬಳಸುವ ಜನ ಒಂದನ್ನು ಹೆಚ್ಚು ಸಲ ಬಳಸಿದರು. ಬಳಸಿದ್ದು ಉಳಿಯಿತು.

ಎರಡೂ ಮಕ್ಕಳು ಬದುಕಿದ ಮನೆಗಳೂ ಇವೆ. ಆದರೆ ಅಲ್ಲಿ ಇಬ್ಬರೂ ಬೇರೆ ಬೇರೆ ಕೆಲಸ ಹಂಚಿಕೊಂಡಿದ್ದಾರೆ. ‘ಕನ್ವಿನ್ಸ್’ ಮತ್ತು ‘ಕನ್ವಿಕ್ಟ್’ ಒಂದೇ ಲ್ಯಾಟಿನ್ ಪದದವು. ಒಂದು ಮಾತಿನಿಂದ ಒಪ್ಪಿಸುವುದು, ಇನ್ನೊಂದು ಅಪರಾಧಿ ಎಂದು ತೀರ್ಮಾನಿಸುವುದು. ‘ಟ್ರಾನ್ಸ್‌ಫರ್’ ಮತ್ತು ‘ಟ್ರಾನ್ಸ್‌ಲೇಟ್’ ಕೂಡ ಹಾಗೆಯೇ, ನೋಡಿದರೆ ನಂಬಲಾಗದಷ್ಟು ಬೇರೆ ಕಂಡರೂ. ‘ರೆಫರ್’ ಮತ್ತು ‘ರಿಲೇಟ್’ ಕೂಡ. ಕೆಲಸ ಹಂಚಿಕೊಳ್ಳಲಾಗದ ಜೋಡಿಗಳಲ್ಲಿ ಒಂದು ಹೋಯಿತು. ಶೇಕ್ಸ್‌ಪಿಯರ್ ‘ಕಾನ್ಸೊಲೇಟ್’ ಎಂದು ಬರೆದಿದ್ದಾನೆ, ಸಮಾಧಾನ ಮಾಡು ಎಂಬ ಅರ್ಥದಲ್ಲಿ. ಈಗ ‘ಕನ್ಸೋಲ್’ ಮಾತ್ರ ಇದೆ. ದಣಿದ ಎನ್ನಲು ‘ಫ್ಯಾಟಿಗೇಟ್’ ಎಂದು ಬರೆದಿದ್ದಾನೆ. ಈಗ ಫ್ರೆಂಚಿನಿಂದ ಬಂದ ‘ಫಟೀಗ್’ ಮಾತ್ರ ಇದೆ.

ಈ ಪದಗಳ ಪೈಕಿ ಬಹಳಷ್ಟು 16ನೆಯ ಶತಮಾನದಲ್ಲಿ ಒಮ್ಮೆಲೇ ನುಗ್ಗಿ ಬಂದವು. ಅದಕ್ಕೆ ಆಗಲೇ ದೊಡ್ಡ ವಿರೋಧವೂ ಇತ್ತು. ಥಾಮಸ್ ವಿಲ್ಸನ್ ಎಂಬವನು 1553ರಲ್ಲಿ ಬರೆದ ಭಾಷಣಕಲೆಯ ಪುಸ್ತಕದಲ್ಲಿ ಇಂಥ ಪದಗಳನ್ನು ‘ಇಂಕ್‌ಹಾರ್ನ್’ ಪದಗಳು ಎಂದು ಜರೆದ. ಬರೆಯುವವರು ಮಸಿ ತುಂಬಿಟ್ಟುಕೊಳ್ಳುತ್ತಿದ್ದ ಕೊಂಬು ಅದು. ಮಸಿಯಲ್ಲಿ ಮಾತ್ರ ಇರುವ ಪದ, ಬಾಯಲ್ಲಿ ಇಲ್ಲದ ಪದ ಎಂಬ ಅರ್ಥ. ಅಂಥ ಪದಗಳೇ ತುಂಬಿದ ಒಂದು ಅಣಕು ಪತ್ರವನ್ನೂ ಅವನು ಅಲ್ಲಿ ಕೊಟ್ಟ. ಆ ಪತ್ರದ ‘ಸೆಲೆಬ್ರೇಟ್’, ‘ಡೆಕ್ಸ್‌ಟೆರಿಟಿ’, ‘ಕೆಪ್ಯಾಸಿಟಿ’ ಇವತ್ತು ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಪತ್ರದ ‘ಇಂಜೆಂಟ್’, ‘ಆಬ್‌ಟೆಸ್ಟೇಟ್’ ಯಾರಿಗೂ ಗೊತ್ತಿಲ್ಲ. ಕೇಂಬ್ರಿಜ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕನಾಗಿದ್ದ ಜಾನ್ ಚೀಕ್ ಕೂಡ 1557ರ ಒಂದು ಪತ್ರದಲ್ಲಿ, ನಮ್ಮ ನುಡಿಯನ್ನು ಬೇರೆ ನುಡಿಗಳ ಸಾಲ ಬೆರೆಸದೆ ಶುದ್ಧವಾಗಿ ಬರೆಯಬೇಕು ಎಂದ. ಇಬ್ಬರೂ ವಿದ್ವಾಂಸರು, ಇಬ್ಬರ ಕಾಳಜಿಯೂ ನಿಜವಾದದ್ದು. ಆದರೆ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಅವರು ಹೇಳಲು ಸಾಧ್ಯವಿರಲಿಲ್ಲ. ಯಾರಿಂದಲೂ ಸಾಧ್ಯವಿಲ್ಲ ಎಂದೇ ನಾನು ನಂಬಿದ್ದೇನೆ.

ಈಗ ಡಿಕ್ಷನರಿಯ ‘ಬಳಕೆ ತಪ್ಪಿದ’ ಎಂಬ ಟಿಪ್ಪಣಿ. ಆಕ್ಸ್‌ಫರ್ಡಿನ ದೊಡ್ಡ ಇಂಗ್ಲಿಷ್ ಡಿಕ್ಷನರಿ 1884ರಿಂದ 1928ರವರೆಗೆ ಬಿಡಿ ಬಿಡಿ ಭಾಗಗಳಾಗಿ ಬಂತು. ಅದರಲ್ಲಿ ಬಳಕೆ ಬಿಟ್ಟುಹೋದ ಪದದ ಎಡಗಡೆ ಸಣ್ಣ ಕಠಾರಿಯ ಗುರುತು ಹಾಕುತ್ತಾರೆ. ಬಹಳ ಜನ ಅದನ್ನು ನೋಡಿ ‘ಸತ್ತ ಪದ’ ಎಂದು ಪುಟ ತಿರುವಿಬಿಡುತ್ತಾರೆ. ಅಲ್ಲಿ ಒಂದು ಪ್ರಶ್ನೆ ಕೇಳಬೇಕು: ಎಲ್ಲಿ ಸತ್ತಿತು? ಲಂಡನ್ನಿನ ಇಂಗ್ಲಿಷಿನಲ್ಲಿ ‘ಎಕ್ಸ್‌ಪೀಡ್’ ಹೋಗಿ ಬಹಳ ಕಾಲವಾಯಿತು. ಎಡಿನ್‌ಬರೋದ ವಕೀಲರ ಬರಹದಲ್ಲಿ ಅದು ಹೋಗಲಿಲ್ಲ. ಕನ್ಫರ್ಮೇಷನ್ ಜೊತೆ ಮಾತ್ರವಲ್ಲ, ಆಸ್ತಿಯ ಹಕ್ಕನ್ನು ಪೂರ್ಣಗೊಳಿಸುವ ‘ನೋಟಿಸ್ ಆಫ್ ಟೈಟಲ್’ ಎಂಬ ಪತ್ರದ ಜೊತೆಗೂ ಅಲ್ಲಿನ ಕಾನೂನು ಪುಸ್ತಕಗಳಲ್ಲಿ ಈ ಕ್ರಿಯಾಪದ ಸಿಗುತ್ತದೆ.

ಅಲ್ಲಿ ಯಾಕೆ ಉಳಿಯಿತು? ಇದಕ್ಕೆ ಒಳ್ಳೆಯ ಕಾರಣಗಳಿವೆ. 1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಒಂದೇ ರಾಜ್ಯವಾದವು. ಪಾರ್ಲಿಮೆಂಟ್ ಒಂದಾಯಿತು. ಆದರೆ ಸ್ಕಾಟ್ಲೆಂಡಿನ ಕಾನೂನು ಮತ್ತು ಕೋರ್ಟುಗಳು ಬೇರೆಯಾಗಿಯೇ ಇರಲಿ ಎಂದು ಆ ಒಪ್ಪಂದದಲ್ಲೇ ಬರೆದರು. ಕೋರ್ಟು ಬೇರೆ ಇದ್ದರೆ ಕೋರ್ಟಿನ ಭಾಷೆಯೂ ಬೇರೆ ಉಳಿಯುತ್ತದೆ. ಅಲ್ಲಿ ಇವತ್ತಿಗೂ ವಾದಿಗೆ ‘ಪರ್ಸ್ಯೂಯರ್’, ಪ್ರತಿವಾದಿಗೆ ‘ಡಿಫೆಂಡರ್’, ತಡೆಯಾಜ್ಞೆಗೆ ‘ಇಂಟರ್‌ಡಿಕ್ಟ್’ ಎನ್ನುತ್ತಾರೆ. ಜೊತೆಗೆ, ಸ್ಕಾಟ್ಲೆಂಡಿನ ಕಾನೂನಿನ ಮೇಲೆ ರೋಮನ್ ಕಾನೂನಿನ ಪ್ರಭಾವ ಇಂಗ್ಲೆಂಡಿಗಿಂತ ಬಹಳ ಜಾಸ್ತಿ. 17, 18ನೆಯ ಶತಮಾನದಲ್ಲಿ ಅಲ್ಲಿನ ಹುಡುಗರು ವಕೀಲಿ ಓದಲು ನೆದರ್‌ಲೆಂಡ್ಸ್‌ನ ಲೈಡನ್, ಯುಟ್ರೆಕ್ಟ್‌ಗಳಿಗೆ ಹೋಗುತ್ತಿದ್ದರು. ಪಾಠ ಲ್ಯಾಟಿನ್‌ನಲ್ಲಿ. ಅದಕ್ಕೂ ಮುಂಚೆ, ಮಧ್ಯಯುಗದ ಪೋಪ್ ಕಚೇರಿಯಲ್ಲಿ ಪತ್ರವೊಂದು ಎಲ್ಲ ಮೇಜುಗಳನ್ನು ದಾಟಿ ಮೊಹರಿನೊಂದಿಗೆ ಹೊರಬೀಳುವುದಕ್ಕೆ ‘ಎಕ್ಸ್‌ಪೆದೀತಿಯೋ’ ಎಂದೇ ಹೇಳುತ್ತಿದ್ದರು. ನಿಮ್ಮ ಕಾಗದದ ‘ಎಕ್ಸ್‌ಪೀಡ್’ಗೆ ಇರುವುದು ಈ ಕಚೇರಿಯ ಅರ್ಥವೇ. ಸೈನ್ಯದ ಅರ್ಥವೂ ಅಲ್ಲ, ಅವಸರದ ಅರ್ಥವೂ ಅಲ್ಲ.

ಇದೇ ಜಾತಿಯ ಇನ್ನೊಂದು ಸ್ಕಾಟಿಷ್ ಕೋರ್ಟಿನ ಪದ ನಿಮಗೆ ಮುಂದೆ ಸಿಗಬಹುದು, ಮೊದಲೇ ಹೇಳಿರುತ್ತೇನೆ. ‘ಅಸಾಯ್ಲೀ’ ಎಂದು ಓದಬೇಕು. ಲ್ಯಾಟಿನ್ ‘ಅಬ್‌ಸೊಲ್ವೆರೆ’ಯಿಂದ ಬಂದದ್ದು, ಪ್ರತಿವಾದಿಯನ್ನು ಹೊಣೆಯಿಂದ ಬಿಡುಗಡೆ ಮಾಡುವುದು ಎಂದು ಅರ್ಥ. ಬರಹದಲ್ಲಿ ನಡುವೆ ಒಂದು ‘ಝಡ್’ ಅಕ್ಷರ ಕಾಣುತ್ತದೆ, ಅದನ್ನು ಉಚ್ಚರಿಸಬೇಡಿ. ಅಲ್ಲಿ ಮೊದಲು ‘ಯೋಗ್’ ಎಂಬ ಹಳೆಯ ಅಕ್ಷರ ಇತ್ತು, ನಮ್ಮ ‘ಯ’ಕ್ಕೆ ಹತ್ತಿರದ ಧ್ವನಿ. ಅಚ್ಚುಮನೆಯವರ ಹತ್ತಿರ ಆ ಅಚ್ಚುಮೊಳೆ ಇರಲಿಲ್ಲ. ನೋಡಲು ಹೋಲುತ್ತಿದ್ದ ‘ಝಡ್’ ಹಾಕಿದರು, ಅದೇ ನಿಂತುಹೋಯಿತು. ನಮ್ಮ ಊರೂರಿನ ಕೈಫಿಯತ್ತುಗಳನ್ನು, ಅಂದರೆ ಊರಿನ ಇತಿಹಾಸದ ದಾಖಲೆಗಳನ್ನು, ಬರೆಸಿ ಸಂಗ್ರಹಿಸಿದ, 1799ರ ನಂತರ ಮೈಸೂರಿನ ಸರ್ವೆ ಮಾಡಿದ ಕಾಲಿನ್ ಮೆಕೆಂಝಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಅವನ ಹೆಸರಿನ ನಡುವೆ ಇರುವುದೂ ಇದೇ ಯೋಗ್. ಹಳೆಯ ಉಚ್ಚಾರಣೆ ‘ಮಕೆನ್ಯಿ’ಗೆ ಹತ್ತಿರ. ಕಂಪನಿಯ ಕಾಗದಗಳನ್ನು ಓದುವ ಕನ್ನಡದ ಸಂಶೋಧಕರು ಸ್ಕಾಟ್ಲೆಂಡಿನ ಭಾಷೆಯನ್ನು ಸ್ವಲ್ಪ ತಿಳಿದಿರಲೇಬೇಕು. ಮೆಕೆಂಝಿ, ಗ್ಲಾಸ್ಗೋದ ಥಾಮಸ್ ಮನ್ರೋ, ಇವರಂಥವರು ನಮ್ಮ ನಾಡಿನಲ್ಲಿ ಬರೆದ ಇಂಗ್ಲಿಷ್ ಲಂಡನ್ನಿನ ಇಂಗ್ಲಿಷ್ ಮಾತ್ರ ಎಂದುಕೊಳ್ಳಬಾರದು.

ಇನ್ನು ‘ವಾಸ್ ಎಕ್ಸ್‌ಪೀಡ್’. ಕೊನೆಯಲ್ಲಿ ‘ಡ್’ ಇನ್ನೊಂದು ಬೇಕಲ್ಲ ಎಂದು ನಿಮಗೆ ಅನಿಸಿದೆ. ಹಳೆಯ ಸ್ಕಾಟಿಷ್ ದಾಖಲೆಗಳಲ್ಲಿ ಈ ಪದ ‘ಮಾಡಲಾದ’ ಎಂಬ ಅರ್ಥದಲ್ಲೂ ಬದಲಾಗದೆ ಬರುತ್ತದೆ. ‘ಚಾರ್ಟರ್ ಎಕ್ಸ್‌ಪೀಡ್’ ಅಂದರೆ ಮೊಹರಿನೊಂದಿಗೆ ಹೊರಬಿದ್ದ ಸನ್ನದು. ‘ಡ್’ನಲ್ಲಿ ಮುಗಿಯುವ ಪದ ಹೀಗೆ ಬದಲಾಗದೆ ನಿಲ್ಲುವುದು ಅಪರೂಪ ಅಲ್ಲ. ‘ಸ್ಪ್ರೆಡ್’, ‘ಶೆಡ್’ ಇಂದಿಗೂ ಹಾಗೆಯೇ. ಕಾನೂನಿನ ಬರಹದಲ್ಲಿ ಇಂಥ ಗಿಡ್ಡ ರೂಪಗಳು ಇನ್ನೂ ಇವೆ. ನಿಮ್ಮ ಮನೆಯ ಇಂಗ್ಲಿಷ್ ಕ್ರಯಪತ್ರ ಇದ್ದರೆ ತೆಗೆದು ನೋಡಿ. ಆಸ್ತಿ ಇಂಥ ಕಡೆ ‘ಸಿಚುಯೇಟ್’ ಎಂದಿರುತ್ತದೆ, ‘ಸಿಚುಯೇಟೆಡ್’ ಎಂದಲ್ಲ. ಅದೂ ತಪ್ಪಲ್ಲ. ಲ್ಯಾಟಿನ್‌ನ ‘ಆದ’ ರೂಪವನ್ನು ಇದ್ದ ಹಾಗೇ ತಂದು ಇಟ್ಟುಕೊಂಡ ಕಾಲದ್ದು ಅದು.

‘ಸ್ಪೀಡ್’ ಬಗ್ಗೆ ಕೇಳಿದ್ದೀರಿ. ಕನ್ನಡ ಲಿಪಿಯಲ್ಲಿ ಬರೆದಾಗ ಎಕ್ಸ್‌ಪೀಡ್ ಒಳಗೆ ಸ್ಪೀಡ್ ಕೂತಿರುವ ಹಾಗೇ ಕಾಣುತ್ತದೆ, ಹಾಗಾಗಿ ಪ್ರಶ್ನೆ ಸಹಜ. ಆದರೆ ನಂಟಿಲ್ಲ. ‘ಸ್ಪೀಡ್’ ಲ್ಯಾಟಿನ್ ಅಲ್ಲ, ಹಳೆಯ ಇಂಗ್ಲಿಷಿನ ಸ್ವಂತ ಪದ. ಮೊದಲು ಅದರ ಅರ್ಥ ವೇಗ ಕೂಡ ಅಲ್ಲ, ಯಶಸ್ಸು, ಏಳಿಗೆ. ಹೊರಟವರಿಗೆ ‘ಗಾಡ್‌ಸ್ಪೀಡ್’ ಎಂದು ಹಾರೈಸುವುದರಲ್ಲಿ ಆ ಹಳೆಯ ಅರ್ಥ ಉಳಿದಿದೆ. ದೇವರು ಒಳ್ಳೆಯದು ಮಾಡಲಿ ಎಂದು, ದೇವರು ವೇಗ ಕೊಡಲಿ ಎಂದಲ್ಲ. ನಮ್ಮ ‘ಪೀಡೆ’ಗೂ ‘ಎಕ್ಸ್‌ಪೀಡ್’ಗೂ ಸಂಬಂಧ ಇಲ್ಲ. ‘ಇಂಪೀಡ್’ ಪದವನ್ನು ಪೀಡೆಯಿಂದ ಬಂದದ್ದು ಎನ್ನುವವರನ್ನು ನಂಬಬೇಡಿ.

ನಿಜವಾದ ನಂಟು ಬೇರೆ ಕಡೆ ಇದೆ. ಲ್ಯಾಟಿನ್ ‘ಪೆದ್’, ಗ್ರೀಕ್ ‘ಪೊದ್’, ಸಂಸ್ಕೃತದ ‘ಪಾದ’ ಒಂದೇ ಹಳೆಯ ಬೇರಿನವು. ಇಂಗ್ಲಿಷಿನ ‘ಫುಟ್’ ಕೂಡ ಅದೇ ಬೇರು. ಹಳೆಯ ‘ಪ’ ಇಂಗ್ಲಿಷ್, ಜರ್ಮನ್ ಸೇರಿದ ಜರ್ಮನಿಕ್ ಭಾಷೆಗಳಲ್ಲಿ ‘ಫ’ ಆಯಿತು, ‘ದ’ ‘ಟ’ ಆಯಿತು ಎಂಬ ನಿಯಮವನ್ನು ಜರ್ಮನಿಯ ಭಾಷಾ ವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ವಿವರವಾಗಿ ತೋರಿಸಿದ. ‘ಪಿತೃ’, ‘ಪಾತೆರ್’, ‘ಫಾದರ್’ ಸಾಲಿನಲ್ಲೂ ‘ಪ’ ಹೀಗೆಯೇ ‘ಫ’ ಆಗಿದೆ. ನಾವು ತೊಡುವ ಪೈಜಾಮದ ಮೊದಲ ತುಂಡು ಕೂಡ ಪಾರಸಿಯ ಕಾಲೇ. ಇಲ್ಲೊಂದು ಎಚ್ಚರಿಕೆ: ‘ಪೆಡಲ್’, ‘ಪೆಡೆಸ್ಟ್ರಿಯನ್’ ಕಾಲಿನವು, ಆದರೆ ಮಕ್ಕಳ ಡಾಕ್ಟರ ‘ಪೀಡಿಯಾಟ್ರಿಕ್ಸ್’ ಕಾಲಿನದಲ್ಲ. ಅದು ಮಗು ಎಂಬ ಗ್ರೀಕ್ ಪದದಿಂದ ಬಂದದ್ದು.

ಬೇರೆ ಯುರೋಪಿಯನ್ ಭಾಷೆಗಳಲ್ಲಿ ‘ಎಕ್ಸ್‌ಪೆದೀರೆ’ ಚೆನ್ನಾಗಿಯೇ ಬದುಕಿದೆ. ಇಟಲಿಯಲ್ಲಿ ‘ಸ್ಪೆದೀರೆ’ ಅಂದರೆ ಪಾರ್ಸೆಲ್ ಕಳಿಸುವುದು. ಜರ್ಮನ್ನರು ಇಟಲಿಯಿಂದ ಆ ಪದ ಪಡೆದು ಸರಕು ಸಾಗಣೆ ಕಂಪನಿಗೆ ‘ಶ್ಪೆಡಿಟ್ಸಿಯೋನ್’ ಅನ್ನುತ್ತಾರೆ. ಜರ್ಮನಿಯಲ್ಲಿರುವ ಕನ್ನಡಿಗರು ಹೆದ್ದಾರಿಯ ಲಾರಿಗಳ ಮೇಲೆ ಆ ಪದವನ್ನು ದಿನವೂ ನೋಡುತ್ತಾರೆ. ಸ್ಪೇನಿನ ಕಚೇರಿಗಳಲ್ಲಿ ಫೈಲಿಗೆ ‘ಎಸ್ಪೆದಿಯೆಂತೆ’ ಎನ್ನುತ್ತಾರೆ. ಬ್ರೆಜಿಲ್‌ನ ಫುಟ್‌ಬಾಲಿನಲ್ಲಿ ಆಫ್‌ಸೈಡಿಗೆ ‘ಇಂಪೆಡಿಮೆಂಟೊ’ ಎನ್ನುತ್ತಾರೆ, ಅದು ‘ಇಂಪೆದೀರೆ’ ಕಡೆಯದು.

ನಿಮ್ಮ ಪ್ರಬಂಧಕ್ಕೆ ಬೇಕಾದ ಮಾತು. ಮೂಲವನ್ನು ಉದ್ಧರಿಸುವಾಗ ‘ಎಕ್ಸ್‌ಪೀಡ್’ ಎಂದೇ ಬರೆಯಿರಿ. ಮೊದಲ ಸಲ ಬಂದಾಗ ಕೆಳಗೆ ಒಂದು ಸಾಲು ಟಿಪ್ಪಣಿ ಸಾಕು: ಸ್ಕಾಟ್ಲೆಂಡಿನ ಕಾನೂನಿನ ಪದ, ಪತ್ರವನ್ನು ವಿಧಿಪೂರ್ವಕ ಮಾಡಿಸಿ ಮುಗಿಸು ಎಂದು ಅರ್ಥ, ಲ್ಯಾಟಿನ್ ‘ಎಕ್ಸ್‌ಪೆದೀರೆ’ಯಿಂದ. ಕನ್ನಡದಲ್ಲಿ ಹೇಳುವಾಗ ‘ತ್ವರಿತಗೊಳಿಸು’ ಬೇಡವೇ ಬೇಡ. ಕಚೇರಿ ಪತ್ರ ಹೊರಡಿಸುವ ಸಂದರ್ಭವಾದರೆ ‘ಹೊರಡಿಸು’ ಒಳ್ಳೆಯ ಪದ. ಸರಕಾರ ಆದೇಶ ಹೊರಡಿಸಿತು ಎಂದು ನಾವು ದಿನವೂ ಓದುತ್ತೇವಲ್ಲ, ಅಲ್ಲಿಯ ಅರ್ಥವೇ ಇಲ್ಲೂ. ವಾರಸುದಾರರು ಕೋರ್ಟಿನಿಂದ ಪಡೆಯುವ ಸಂದರ್ಭವಾದರೆ ‘ಕನ್ಫರ್ಮೇಷನ್ ಪತ್ರ ಮಾಡಿಸಿಕೊಂಡರು’ ಎನ್ನಿ. ‘ವಿಲೇವಾರಿ’ ಹತ್ತಿರ ಬಂದರೂ ನಾನು ಬಳಸುವುದಿಲ್ಲ. ಅರ್ಜಿಯನ್ನು ತಿರಸ್ಕರಿಸಿದರೂ ವಿಲೇವಾರಿ ಆಯಿತು ಅನ್ನುತ್ತಾರೆ, ಎಕ್ಸ್‌ಪೀಡ್‌ನಲ್ಲಿ ಪತ್ರ ಕೈಗೆ ಬಂದೇ ಇರುತ್ತದೆ. ಹಾಗಾಗಿ ‘ವಾಸ್ ಎಕ್ಸ್‌ಪೀಡ್’ ಎಂದು ಬರೆದಿರುವ ಕಡೆ ಒಂದು ದಿನಾಂಕ ಇದೆಯೇ ನೋಡಿ. ಇದ್ದರೆ ಅದು ಅರ್ಜಿ ಹಾಕಿದ ದಿನ ಅಲ್ಲ, ಪತ್ರ ಪೂರ್ಣವಾದ ದಿನ. ಆ ಅಧಿಕಾರಿ ಸತ್ತ ದಿನದಿಂದ ಅಲ್ಲಿಯವರೆಗೆ ಎಷ್ಟು ಕಾಲ ಹಿಡಿಯಿತು ಎಂಬ ಲೆಕ್ಕ ನಿಮಗೆ ಅಲ್ಲಿ ಸಿಗುತ್ತದೆ.